ಪೊಟ್ಟಣದ ಮೇಲಣ ಸಂಖ್ಯೆಗಳು

ಕಳೆದ ಮಳೆಗಾಲದ ಒಂದು ಅಪರಾಹ್ಣ ನಮ್ಮ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರಯೋಗಶಾಲೆಗೆ ಬಂದು, ಪುಸ್ತಕದ ನಡುವೆ ಮಡಿಸಿ ಇಟ್ಟುಕೊಂಡಿದ್ದ ಖಾಲಿ ಪೊಟ್ಟಣವೊಂದನ್ನು ನಮ್ಮ ಮೇಜಿನ ಮೇಲೆ ಹರಡಿದಳು. ಪೊನ್ನಂಪೇಟೆಯ ಯಾವ ಅಂಗಡಿಯ ಮುಂದಾದರೂ ತೋರಣದಂತೆ ತೂಗಾಡುವ ಕುರುಕಲು ತಿಂಡಿಯ ಪೊಟ್ಟಣ ಅದು. ಅದರ ಬೆನ್ನಿನ ಮೇಲೆ, ಭೂತಗನ್ನಡಿಯ ನೆರವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ, ಆಲೂಗೆಡ್ಡೆ, ತಾಳೆ ಎಣ್ಣೆ, ಉಪ್ಪು, ಮೆಣಸಿನ ಪುಡಿ ಇವುಗಳ ಹೆಸರುಗಳು ಮುಗಿದ ಮೇಲೆ ಐ.ಎನ್.ಎಸ್. 330, 551, 627, 631, 319, 100 ಎಂದು ಸಂಖ್ಯೆಗಳ ಸಾಲೊಂದಿತ್ತು. "ಇವುಗಳಲ್ಲಿ ವಿಷ ಯಾವುದು?" ಎಂಬುದು ಅವಳ ಪ್ರಶ್ನೆ. ಸಂಖ್ಯೆಗಳಿದ್ದ ಮೇಲೆ ಅದು ಆಹಾರವಲ್ಲ, ರಾಸಾಯನಿಕ ಎಂದು ಯಾರೋ ಹೇಳಿದರಂತೆ. ಮನೆಯವರು ಅವಳ ಪುಟ್ಟ ತಮ್ಮನಿಗೆ ಪೊಟ್ಟಣದ ತಿಂಡಿಗಳನ್ನು ಕೊಡಿಸುವುದನ್ನೇ ನಿಲ್ಲಿಸಿದರಂತೆ. ಹಾಗಾದರೆ ಈಗ ಅವನಿಗೆ ಏನು ಕೊಡಿಸುತ್ತೀರಿ ಎಂದು ಕೇಳಿದೆವು. ಸಂತೆಗೆ ಹೋದಾಗ ಒಂದು ತಟ್ಟೆ ಗೋಬಿ ಮಂಚೂರಿ ಎಂದಳು. ಯಾವ ಬಣ್ಣದ್ದು ಎಂದೆವು. ಒಳ್ಳೇ ಕೆಂಪು, ಎಂದಳು.

ಆ ಉತ್ತರವೇ ಈ ಲೇಖನಕ್ಕೆ ಪ್ರೇರಣೆ. ಹೆಸರು ಬರೆದಿದ್ದುದಕ್ಕೆ ಹೆದರಿ, ಹೆಸರೇ ಇಲ್ಲದುದನ್ನು ನಂಬಿದ ಹಾಗಾಗಿತ್ತು ಆ ಮನೆಯವರ ಸ್ಥಿತಿ.

ಮೊದಲು ಈ ಸಂಖ್ಯೆಗಳ ಸಂಗತಿಯನ್ನು ನೋಡೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಇವೆರಡರ ಆಶ್ರಯದಲ್ಲಿ 1963ರಿಂದ ಕೆಲಸ ಮಾಡುತ್ತಿರುವ ಕೋಡೆಕ್ಸ್ ಆಯೋಗವು 1989ರಲ್ಲಿ ಆಹಾರಕ್ಕೆ ಸೇರಿಸುವ ದ್ರವ್ಯಗಳಿಗೆಲ್ಲ ಒಂದೊಂದು ಕ್ರಮಾಂಕವನ್ನು ಗೊತ್ತುಮಾಡಿತು. ಒಂದೇ ವಸ್ತುವಿಗೆ ದೇಶಕ್ಕೊಂದು, ಭಾಷೆಗೊಂದು ಹೆಸರಿದ್ದರೆ ವ್ಯಾಪಾರಕ್ಕೂ ಪರೀಕ್ಷೆಗೂ ತೊಡಕು ತಪ್ಪಿದ್ದಲ್ಲ. ಆದುದರಿಂದ ಈ ಸಂಖ್ಯೆಗಳು ಕೇವಲ ಗುರುತುಗಳು, ನಮ್ಮ ಹಾಜರಿ ಪುಸ್ತಕದ ಕ್ರಮಸಂಖ್ಯೆಗಳಿದ್ದಂತೆ. ಹುಡುಗ ಒಳ್ಳೆಯವನೋ ತುಂಟನೋ ಎಂಬುದನ್ನು ಅವು ಹೇಳುವುದಿಲ್ಲ. 330 ಎಂದರೆ ಸಿಟ್ರಿಕ್ ಆಮ್ಲ, ಅಂದರೆ ಕೊಡಗಿನ ಕಿತ್ತಳೆಯ ಹುಳಿ. 500 ಎಂದರೆ ಅಡಿಗೆ ಸೋಡ. 100 ಎಂದರೆ ಅರಿಸಿನದ ಬಣ್ಣ. ಸಂಖ್ಯೆ ಇದ್ದ ಮಾತ್ರಕ್ಕೆ ಅನುಮತಿ ಇದೆಯೆಂದೂ ತಿಳಿಯಬಾರದು. ಬ್ರೆಡ್ಡಿನ ಹಿಟ್ಟು ಚೆನ್ನಾಗಿ ಉಬ್ಬಲೆಂದು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟಿಗೂ 924 ಎಂಬ ಸಂಖ್ಯೆಯಿತ್ತು. ಅದು ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಶಂಕೆ ಬಲವಾಗಿ, ಭಾರತದಲ್ಲಿ 2016ರಲ್ಲಿ ಅದನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು.

ಇನ್ನು ಈ ಅಪರಿಚಿತ ದ್ರವ್ಯಗಳು ನಿಜವಾಗಿ ಎಷ್ಟು ಅಪರಿಚಿತ? ಕೊಡಗಿನವರು ಇದಕ್ಕೆ ಉತ್ತರ ಹುಡುಕಲು ಅಡಿಗೆಮನೆಯಿಂದಾಚೆಗೆ ಹೋಗಬೇಕಾಗಿಲ್ಲ.

ಕಾಚಂಪುಳಿಯನ್ನೇ ತೆಗೆದುಕೊಳ್ಳೋಣ. ಪಣಂಪುಳಿ ಹಣ್ಣುಗಳನ್ನು ರಾಶಿ ಹಾಕಿ, ಒಸರಿದ ರಸವನ್ನು ಕಾಯಿಸಿ ಕಾಯಿಸಿ ಕಪ್ಪಗೆ ಗಟ್ಟಿಮಾಡಿದ ಈ ಹುಳಿಯಿಲ್ಲದೆ ಪಂದಿಕರಿ ಇಲ್ಲ. ಇದರಲ್ಲಿರುವುದು ಸಿಟ್ರಿಕ್ ಆಮ್ಲ ಅಥವಾ ಟಾರ್ಟಾರಿಕ್ ಆಮ್ಲ ಎಂದು ಬಹುಕಾಲ ನಂಬಲಾಗಿತ್ತು. 1965ರಲ್ಲಿ ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿಕೊಟ್ಟರು. ಹೆಸರು ಉದ್ದವಾದರೂ ಸಂಗತಿ ಸರಳ: ಸಿಟ್ರಿಕ್ ಆಮ್ಲದ ಅಣುವಿಗೆ ಆಮ್ಲಜನಕದ ಒಂದು ಪರಮಾಣು ಹೆಚ್ಚಾಗಿ ಸೇರಿದರೆ ಈ ಆಮ್ಲ. ಪೊಟ್ಟಣದ 330ಕ್ಕೂ ಅಜ್ಜಿಯ ಭರಣಿಯ ಕಪ್ಪು ಹುಳಿಗೂ ಇರುವ ಅಂತರ ಅಷ್ಟೇ. ಎರಡೂ ಮಾಡುವ ಕೆಲಸವೂ ಒಂದೇ: ರುಚಿ ಕೊಡುವುದು, ಆಮ್ಲೀಯತೆಯನ್ನು ಹೆಚ್ಚಿಸಿ ಸೂಕ್ಷ್ಮಜೀವಿಗಳಿಗೆ ಎಡೆಗೊಡದಿರುವುದು.

551 ಎಂಬುದು ಸಿಲಿಕಾನ್ ಡೈಆಕ್ಸೈಡ್, ಅಂದರೆ ಮರಳಿನ ವಸ್ತು. ಮರಳು ತಿನ್ನಿಸುತ್ತಾರೆಯೆ ಎಂದು ಹೌಹಾರಬೇಡಿ. ಆಷಾಢದಲ್ಲಿ ಇಲ್ಲಿಯ ಉಪ್ಪಿನ ಜಾಡಿಯೊಳಗೆ ಕೈಹಾಕಿದವರಿಗೆ ಇದರ ಅಗತ್ಯ ತಾನಾಗಿಯೇ ತಿಳಿಯುತ್ತದೆ. ತೇವವನ್ನು ಹೀರಿದ ಹರಳುಗಳು ಒಂದಕ್ಕೊಂದು ಅಂಟಿ ಹೆಂಟೆಯಾಗುತ್ತವೆ. ನಾವು ಮನೆಯಲ್ಲಿ ಉಪ್ಪಿನೊಳಗೆ ನಾಲ್ಕು ಅಕ್ಕಿಕಾಳು ಹಾಕುತ್ತೇವೆ. ಕಾರ್ಖಾನೆಯವರು ಮಸಾಲೆಪುಡಿಗೆ ಅತಿ ನುಣ್ಣನೆಯ ಈ ಪುಡಿಯನ್ನು ಸೇರಿಸುತ್ತಾರೆ. ಅದು ಕಣಗಳ ನಡುವೆ ನಿಂತು ಅವು ಅಂಟದಂತೆ ನೋಡಿಕೊಳ್ಳುತ್ತದೆ.

ಮುಂದಿನದು 319. ಇದರ ಪೂರ್ಣನಾಮ ಟರ್ಷಿಯರಿ ಬ್ಯುಟೈಲ್ ಹೈಡ್ರೊಕ್ವಿನೋನ್. ಇಷ್ಟು ಭಯಂಕರ ಹೆಸರಿನ ವಸ್ತುವಿಗೆ ಅಡಿಗೆಮನೆಯಲ್ಲಿ ನೆಂಟರಿರಲಾರರು ಎಂದು ತೋರಬಹುದು. ಇದರ ಬಳಿ ಸ್ವಲ್ಪ ನಿಲ್ಲೋಣ. ಎಣ್ಣೆಯು ಗಾಳಿಗೆ ತೆರೆದಿದ್ದರೆ ಕನರು ವಾಸನೆ ಬರುತ್ತದೆಯಷ್ಟೆ. ಎಣ್ಣೆಯ ಅಣುವಿನಲ್ಲಿ ಇಂಗಾಲದ ಉದ್ದನೆಯ ಸರಪಳಿಗಳಿವೆ. ಅಲ್ಲಲ್ಲಿ ಜೋಡಿ ಬಂಧಗಳಿದ್ದು, ಅವುಗಳ ಪಕ್ಕದ ಜಲಜನಕ ಪರಮಾಣು ಸಡಿಲವಾಗಿರುತ್ತದೆ. ಬೆಳಕು, ಶಾಖ ಅಥವಾ ಲೋಹದ ಸೋಂಕಿನಿಂದ ಅಂಥ ಒಂದು ಪರಮಾಣು ಕಿತ್ತುಹೋದರೆ ಒಂಟಿ ಎಲೆಕ್ಟ್ರಾನುಳ್ಳ ತುಣುಕೊಂದು ಉಳಿಯುತ್ತದೆ. ಅದು ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ಮೇಲೆ ನೆರೆಯ ಅಣುವಿನಿಂದ ಒಂದು ಜಲಜನಕವನ್ನು ಕಸಿಯುತ್ತದೆ. ಕಳೆದುಕೊಂಡ ನೆರೆಯಣು ತನ್ನ ನೆರೆಯಿಂದ ಕಸಿಯುತ್ತದೆ. ಹೀಗೆ ಒಂದು ಕಳವಿನಿಂದ ಸಾವಿರ ಕಳವು. 319ರ ಅಣು ಈ ಸರಣಿಯ ನಡುವೆ ನುಗ್ಗಿ ತನ್ನದೇ ಒಂದು ಜಲಜನಕವನ್ನು ಬಿಟ್ಟುಕೊಡುತ್ತದೆ. ಅದರಲ್ಲಿ ಉಳಿದ ಒಂಟಿ ಎಲೆಕ್ಟ್ರಾನು ಬೆಂಜೀನಿನ ಉಂಗುರದ ತುಂಬ ಹರಡಿಕೊಳ್ಳುವುದರಿಂದ ಆ ತುಣುಕಿಗೆ ಇನ್ನೊಬ್ಬರಿಂದ ಕಸಿಯುವ ಆತುರವಿಲ್ಲ. ಸರಣಿ ಅಲ್ಲಿಗೆ ನಿಲ್ಲುತ್ತದೆ. ಉಂಗುರಕ್ಕೆ ಹೈಡ್ರಾಕ್ಸಿಲ್ ಅಂಟಿರುವ ಈ ಜಾತಿಯ ಸಂಯುಕ್ತಗಳಿಗೆ ಫೀನಾಲುಗಳೆಂದು ಹೆಸರು. ಕೊಡಗಿನ ಮನೆಗಳಲ್ಲಿ ಒಲೆಯ ಮೇಲೆ ತೂಗಹಾಕಿ ಹೊಗೆಗೆ ಒಣಗಿಸುವ ಮಾಂಸ ಮಳೆಗಾಲವೆಲ್ಲ ಕೆಡದಿರುವುದೇಕೆ? ನೀರಾರುವುದು ಒಂದು ಕಾರಣ. ಸೌದೆಯ ಹೊಗೆಯಲ್ಲಿರುವ ಫೀನಾಲುಗಳು ಕೊಬ್ಬಿನ ಮೇಲೆ ಕುಳಿತು ಇದೇ ಕಾವಲುಗಾರಿಕೆಯನ್ನು ಮಾಡುವುದು ಇನ್ನೊಂದು. ಹಾಗೆಂದು ಹೊಗೆಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದರಲ್ಲಿ ಕ್ಯಾನ್ಸರ್‌ಕಾರಕವಾದ ಬೆಂಜೊಪೈರೀನ್ ಮುಂತಾದವೂ ಇವೆ. 319ರಲ್ಲಾದರೋ ಇರುವುದು ಗೊತ್ತಾದ ಒಂದೇ ವಸ್ತು, ಗೊತ್ತಾದ ಪ್ರಮಾಣ: ಒಂದು ಕಿಲೋಗ್ರಾಂ ಎಣ್ಣೆಗೆ 200 ಮಿಲಿಗ್ರಾಮಿಗೆ ಮೀರಬಾರದು.

ಈ ಪ್ರಮಾಣದ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಆಯಾ ದ್ರವ್ಯವನ್ನು ಜೀವಮಾನವೆಲ್ಲ ದಿನಾಲೂ ಎಷ್ಟು ತಿಂದರೆ ಬಾಧಕವಿಲ್ಲ ಎಂಬುದನ್ನು, ಪ್ರಾಣಿಗಳ ಮೇಲಣ ಪ್ರಯೋಗಗಳಲ್ಲಿ ಯಾವ ತೊಂದರೆಯೂ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ, ತಜ್ಞರ ಅಂತರರಾಷ್ಟ್ರೀಯ ಸಮಿತಿ ಗೊತ್ತುಮಾಡುತ್ತದೆ. 319ಕ್ಕೆ ಇದು ದೇಹತೂಕದ ಕಿಲೋಗ್ರಾಮಿಗೆ 0.7 ಮಿಲಿಗ್ರಾಂ. 50 ಕಿಲೋಗ್ರಾಂ ತೂಗುವ ವಿದ್ಯಾರ್ಥಿಗೆ ದಿನಕ್ಕೆ 35 ಮಿಲಿಗ್ರಾಂ ಆಯಿತು. 50 ಗ್ರಾಮಿನ ಪೊಟ್ಟಣದ ಮೂರನೆಯ ಒಂದಂಶ ಎಣ್ಣೆಯೆಂದು ಹಿಡಿದರೆ, ಗರಿಷ್ಠ ಪ್ರಮಾಣದಲ್ಲಿಯೇ ಬೆರೆಸಿದ್ದರೂ, ಅದರಲ್ಲಿರುವುದು ಮೂರೂವರೆ ಮಿಲಿಗ್ರಾಮಿಗಿಂತ ಕಡಿಮೆ. ಆ ಪೊಟ್ಟಣವನ್ನು ದೂರಲು ಕಾರಣಗಳಿವೆ. ಆದರೆ ಅವು ಉಪ್ಪು ಮತ್ತು ಎಣ್ಣೆ. ಅವುಗಳ ಹೆಸರು ಎಲ್ಲರಿಗೂ ಪರಿಚಿತವಾದ್ದರಿಂದ ಯಾರೂ ಹೆದರುವುದಿಲ್ಲ!

627, 631 ಇವು ರುಚಿವರ್ಧಕಗಳು. ಟೋಕಿಯೊದ ಇಕೆಡ ಎಂಬ ವಿಜ್ಞಾನಿ 1908ರಲ್ಲಿ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದ ಗ್ಲುಟಮೇಟಿನೊಡನೆ ಕೂಡಿದಾಗ ಇವು ರುಚಿಯನ್ನು ಕೂಡಿಸುವುದಿಲ್ಲ, ಗುಣಿಸುತ್ತವೆ ಎನ್ನಬಹುದು. ಒಣ ಅಣಬೆಯ ಸಾರು ಹಸಿ ಅಣಬೆಯದಕ್ಕಿಂತ ರುಚಿಯಾಗಿರುವುದರಲ್ಲಿ 627ರ ಮೂಲವಾದ ಗ್ವಾನಿಲಿಕ್ ಆಮ್ಲದ ಪಾತ್ರವಿದೆ. ಪೊಟ್ಟಣದೊಳಗಿನ "ಗಾಳಿ"ಗೂ ಒಂದು ಸಂಖ್ಯೆಯುಂಟು: 941, ಸಾರಜನಕ. ಎಣ್ಣೆಗೆ ಆಮ್ಲಜನಕ ಸಿಗದಿರಲೆಂದು ಅದನ್ನು ತುಂಬುತ್ತಾರೆ. ಕರಾವಳಿಯಲ್ಲಿ ಸೊಗಸಾಗಿದ್ದ ಪೊಟ್ಟಣ ಕೊಡಗಿಗೆ ಬಂದಾಗ ಹೊಟ್ಟೆ ಉಬ್ಬರಿಸಿದಂತೆ ಬಿಗಿದುಕೊಳ್ಳುವುದನ್ನು ಕಂಡು, ಒಳಗೆ ಏನೋ ಕೆಟ್ಟಿದೆಯೆಂದು ಹಿಂದಿರುಗಿಸುವವರಿದ್ದಾರೆ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಪೊನ್ನಂಪೇಟೆಯಲ್ಲಿ ವಾಯುವಿನ ಒತ್ತಡ ಕರಾವಳಿಯದಕ್ಕಿಂತ ಸುಮಾರು ಹತ್ತರಲ್ಲೊಂದಂಶ ಕಡಿಮೆ. ಒಳಗಿನ ಅನಿಲ ಹಿಗ್ಗುತ್ತದೆ. ಇದು ಬಾಯ್ಲನ ನಿಯಮ, ಭೌತಶಾಸ್ತ್ರದ ಪಾಲು.

ಇನ್ನು ಬಣ್ಣ. ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಎರಡು ವರ್ಷಗಳ ಹಿಂದೆ ಊರಿನ ಅಂಗಡಿಯೊಂದರಿಂದ, ಚೀಟಿ ಅಂಟಿಸದೆ ತೂಗಿ ಕೊಡುವ ಬಾಳೆಕಾಯಿ ಚಿಪ್ಸನ್ನು ತಂದು, ಅದರ ಹಳದಿಯನ್ನು ಆಲ್ಕೊಹಾಲಿನಲ್ಲಿ ಇಳಿಸಿ, ಆ ದ್ರವದ ಮೂಲಕ ಬಿಳಿಯ ಬೆಳಕನ್ನು ಹಾಯಿಸಿ, ವರ್ಣಪಟಲವನ್ನು ವಿದ್ಯಾರ್ಥಿಗಳಿಗೆ ತೋರಿಸಿದೆವು. ನೇರಿಳೆ ಮತ್ತು ನೀಲಿಯ ಎಡೆಯಲ್ಲಿ ಕಪ್ಪು ಕವಿದಿತ್ತು. ಟಾರ್ಟ್ರಾಜಿನ್ ಎಂಬ ಕೃತಕ ಹಳದಿ, ಅಂದರೆ 102, ಬೆಳಕನ್ನು ಹೀರುವುದು 425 ನ್ಯಾನೊಮೀಟರಿನ ಆಸುಪಾಸಿನಲ್ಲಿ. ಇದೋ ಟಾರ್ಟ್ರಾಜಿನ್, ಎಂದು ತರಗತಿಯೆದುರು ತೀರ್ಪು ಕೊಟ್ಟುಬಿಟ್ಟೆವು. ಸಣ್ಣ ಊರು; ಸಂಜೆಯೊಳಗೆ ಮಾತು ಅಂಗಡಿಗೆ ಮುಟ್ಟಿತು. ಮರುದಿನ ಅಂಗಡಿಯವರೇ ಬಂದರು. ಅವರು ಜಗಳವಾಡಲಿಲ್ಲ. ಎಲೆಯಡಿಕೆಯ ಸಂಚಿಯಿಂದ ಸ್ವಲ್ಪ ಸುಣ್ಣ ತೆಗೆದು, ಒಂದು ಹನಿ ನೀರಿನಲ್ಲಿ ಕಲಸಿ, ನಮ್ಮ ಮೇಜಿನ ಮೇಲಿದ್ದ ಚಿಪ್ಸಿನ ಮೇಲೆ ಹಚ್ಚಿದರು. ಅದು ಆರತಿಯ ನೀರಿನಂತೆ ಕೆಂಪಾಯಿತು. ಅರಿಸಿನ! ಸುಣ್ಣದ ಕ್ಷಾರಕ್ಕೆ ಅರಿಸಿನದ ಕರ್ಕ್ಯುಮಿನ್ ಕೆಂಪಾಗುತ್ತದೆ, ಟಾರ್ಟ್ರಾಜಿನ್ ಹಾಗೆ ಆಗುವುದಿಲ್ಲ ಎಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ಹಳದಿಯು ಆಲ್ಕೊಹಾಲಿನಲ್ಲಿ ಸಲೀಸಾಗಿ ಇಳಿದುದೇ ಒಂದು ಸುಳಿವಾಗಿತ್ತು. ಟಾರ್ಟ್ರಾಜಿನ್ ನೀರಿಗೆ ಒಲಿಯುವ ವಸ್ತು. ಯಂತ್ರವನ್ನು ನಂಬಿ ತಾಂಬೂಲವನ್ನು ಮರೆತಿದ್ದೆವು. ಅದೇ ತರಗತಿಯೆದುರು ತಪ್ಪನ್ನು ತಿದ್ದಿಕೊಂಡೆವಾದರೂ, ಮೊದಲನೆಯ ಮಾತು ಹರಡಿದ ವೇಗದಲ್ಲಿ ಎರಡನೆಯದು ಹರಡಲಿಲ್ಲ.

ಎರಡು ಬೇರೆ ವಸ್ತುಗಳು ಒಂದೇ ಹಳದಿಯಾಗಿ ತೋರುವುದು ಹೇಗೆ? ಅಣುವಿನಲ್ಲಿ ಒಂಟಿ ಬಂಧ, ಜೋಡಿ ಬಂಧಗಳು ಒಂದು ಬಿಟ್ಟೊಂದು ಸಾಲಾಗಿ ಬಂದರೆ, ಅಲ್ಲಿಯ ಎಲೆಕ್ಟ್ರಾನುಗಳು ಒಂದು ಬಂಧಕ್ಕೆ ಕಟ್ಟುಬೀಳದೆ ಸಾಲಿನುದ್ದಕ್ಕೂ ಓಡಾಡುತ್ತವೆ. ವೀಣೆಯ ತಂತಿ ಉದ್ದವಾದಷ್ಟೂ ಸ್ವರ ತಗ್ಗುವಂತೆ, ಈ ಸಾಲು ಉದ್ದವಾದಷ್ಟೂ ಅದು ಹೀರುವ ಬೆಳಕು ನೇರಿಳೆಯಿಂದ ಕೆಂಪಿನ ಕಡೆಗೆ ಸರಿಯುತ್ತದೆ. ಕರ್ಕ್ಯುಮಿನಿನಲ್ಲಿ ಎರಡು ಉಂಗುರಗಳ ನಡುವೆ ಇಂಗಾಲದ ಸೇತುವೆಯಿದೆ. 1884ರಲ್ಲಿ ತ್ಸೀಗ್ಲರ್ ಎಂಬ ಸ್ವಿಸ್ ರಸಾಯನಜ್ಞ ತಯಾರಿಸಿದ ಟಾರ್ಟ್ರಾಜಿನಿನಲ್ಲಿ ಸಾರಜನಕದ ಜೋಡಿಯೊಂದು ಆ ಸೇತುವೆಯ ಕೆಲಸ ಮಾಡುತ್ತದೆ. ರಚನೆ ಬೇರೆ, ಆದರೆ ಎರಡೂ ಸುಮಾರು ಅದೇ ನೀಲಿ-ನೇರಿಳೆಯನ್ನು ನುಂಗುತ್ತವೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿ. ಹಾಗಿದ್ದರೆ ತಯಾರಕರು ಅರಿಸಿನವನ್ನೇ ಏಕೆ ಬಳಸಬಾರದು? ಬಟ್ಟೆಯ ಮೇಲಣ ಅರಿಸಿನದ ಕಲೆಯನ್ನು ಬಿಸಿಲಿಗೆ ಹಾಕಿ ಕಳೆಯುವ ಗೃಹಿಣಿಗೆ ಇದರ ಉತ್ತರ ಗೊತ್ತು. ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುತ್ತದೆ, ಟಾರ್ಟ್ರಾಜಿನ್ ಬಹುಕಾಲ ನಿಲ್ಲುತ್ತದೆ, ಮೇಲಾಗಿ ಅಗ್ಗ.

ಈಗ ಆ ಕೆಂಪು ತಟ್ಟೆಯ ಕಡೆಗೆ ತಿರುಗೋಣ. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆಯವರು ರಾಜ್ಯದ ನಾನಾ ಕಡೆಗಳಿಂದ ಗೋಬಿ ಮಂಚೂರಿಯ 171 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದಾಗ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಕಂಡುಬಂತು. ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15ರ ಗತಿಯೂ ಅಷ್ಟೇ. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರವು ಇವೆರಡಕ್ಕೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಅದೇ ವರ್ಷದ ಜೂನಿನಲ್ಲಿ ಕಬಾಬಿಗೂ ನಿಷೇಧ ಬಂತು. ಸಿಕ್ಕಿಬಿದ್ದ ಬಣ್ಣಗಳಲ್ಲಿ ಎರಡು ಬಗೆ. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಯಿಸಿನ್ ಇವು ಭಾರತದಲ್ಲಿ ಕೆಲವು ಆಹಾರಗಳಿಗೆ ಮಾತ್ರ, ಮಿತಿಯೊಳಗೆ, ಅನುಮತಿಯುಳ್ಳ ಎಂಟು ಕೃತಕ ಬಣ್ಣಗಳ ಪೈಕಿಯವು. ರೋಡಮೈನ್-ಬಿ ಯಾವ ಆಹಾರಕ್ಕೂ ಸಲ್ಲದು. ಅದು ಬಟ್ಟೆ, ಕಾಗದಗಳ ಬಣ್ಣ.

ಮೊದಲನೆಯ ಬಗೆಯ ಅಪಾಯವಿರುವುದು ಅಳತೆಯಲ್ಲಿ. ಸನ್‌ಸೆಟ್ ಯೆಲ್ಲೊ ಬಣ್ಣದ ದಿನದ ಮಿತಿ ದೇಹತೂಕದ ಕಿಲೋಗ್ರಾಮಿಗೆ 4 ಮಿಲಿಗ್ರಾಂ. ನಮ್ಮ ವಿದ್ಯಾರ್ಥಿನಿಯ ತಮ್ಮ 15 ಕಿಲೋಗ್ರಾಂ ತೂಗುತ್ತಾನೆಂದುಕೊಂಡರೆ ಅವನಿಗೆ 60 ಮಿಲಿಗ್ರಾಂ. ತಳ್ಳುಗಾಡಿಯಲ್ಲಿ ತಕ್ಕಡಿಯಿಲ್ಲ, ಬೆರಳ ತುದಿಯ ಚಿಟಿಕೆಯೇ ಅಳತೆ. ಕಾಲು ಗ್ರಾಮಿನ ಒಂದು ಚಿಟಿಕೆಯನ್ನು ಒಂದು ಕಿಲೋಗ್ರಾಂ ಗೋಬಿಗೆ ಬೆರೆಸಿದರೆ ಕಾಲು ಕಿಲೋಗ್ರಾಮಿನ ತಟ್ಟೆಯಲ್ಲಿ 62 ಮಿಲಿಗ್ರಾಂ. ಒಂದು ತಟ್ಟೆಗೆ ದಿನದ ಮಿತಿ ದಾಟಿತು. ಅಂದು ರಾತ್ರಿಯೇ ಕಾಯಿಲೆ ಬೀಳುತ್ತಾನೆಂದಲ್ಲ, ಮಿತಿಯೆಂಬುದು ಜೀವಮಾನದ ಲೆಕ್ಕ. ಆದರೆ ಇಂಥ ಕೆಲವು ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟನ್ನೂ ಬೆರೆಸಿ ಕೊಟ್ಟಾಗ ಕೆಲವು ಮಕ್ಕಳ ಚಂಚಲತೆ ಹೆಚ್ಚಿತೆಂದು 2007ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗವೊಂದು ಸೂಚಿಸಿತು. ಯುರೋಪಿನಲ್ಲಿ 2010ರಿಂದ ಅಂಥ ಬಣ್ಣಗಳಿರುವ ಆಹಾರದ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂದು ವಿಧಿಸಿದ್ದಾರೆ. ಗೋಬಿಯ ತಟ್ಟೆಯ ಮೇಲೆ ಏನನ್ನು ಮುದ್ರಿಸಬೇಕು?

ಎರಡನೆಯದಾದ ರೋಡಮೈನ್-ಬಿ ಭೌತಶಾಸ್ತ್ರದವರಿಗೆ ಹಳೆಯ ಪರಿಚಯ. ಬಣ್ಣದ್ರವಗಳ ಲೇಸರಿನಲ್ಲಿ ಬಳಸುವ ವಸ್ತುಗಳಲ್ಲಿ ಅದೂ ಒಂದು. ಹಸಿರು ಬೆಳಕನ್ನು ಹೀರಿ ಕಿತ್ತಳೆಗೆಂಪು ಬೆಳಕನ್ನು ಹೊರಸೂಸುವ ಪ್ರತಿದೀಪ್ತಿಯ ಗುಣ ಅದರಲ್ಲಿ ಅತಿಯಾಗಿರುವುದರಿಂದಲೇ ಅದರ ಗುಲಾಬಿ ಅಷ್ಟು ಕಣ್ಸೆಳೆಯುತ್ತದೆ. ಮನುಷ್ಯರಲ್ಲಿ ಅದು ಕ್ಯಾನ್ಸರಿಗೆ ಕಾರಣವೆಂದು ಖಚಿತವಾಗಿ ಹೇಳಲು ಇರುವ ಸಾಕ್ಷ್ಯ ಸಾಲದೆಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಹೇಳಿದೆ. ಪ್ರಾಣಿಪ್ರಯೋಗಗಳಲ್ಲಿ ಶಂಕೆಗೆ ಆಸ್ಪದವಿದೆ. ಇಂತಿಷ್ಟಾದರೆ ಬಾಧಕವಿಲ್ಲ ಎಂದು ಯಾರೂ ಗೊತ್ತುಮಾಡಿಲ್ಲ. ಬಟ್ಟೆಗೆಂದು ತಯಾರಾದ ಪುಡಿಯಲ್ಲಿ ಬೇರೆ ಏನೇನು ಕಶ್ಮಲಗಳಿವೆಯೆಂದು ನೋಡಿದವರೂ ಇಲ್ಲ. ಅದನ್ನು ಆಹಾರಕ್ಕೆ ಬೆರೆಸಿದವರಿಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸಬಹುದು.

ಇಷ್ಟನ್ನೂ ವಿವರಿಸಿದ ಮೇಲೆ ಆ ಹುಡುಗಿ ಮುಂದಿನ ವಾರ ಒಂದು ಸಣ್ಣ ಸೀಸೆಯಲ್ಲಿ ನೀರು ತಂದಳು. ಗೋಬಿಯ ಎರಡು ತುಂಡುಗಳನ್ನು ನೆನೆಸಿ ಸೋಸಿದ ನೀರು, ಚೆನ್ನಾದ ಕೆಂಪು. ಹಿಂದಿನ ಪಾಠವನ್ನು ನೆನೆದು ಈ ಸಲ ತೀರ್ಪಿಗೆ ಅವಸರಪಡಲಿಲ್ಲ. ಮೊದಲು ಹಸಿರು ಲೇಸರಿನ ಕಿರಣವನ್ನು ಗೋಡೆಯ ಕಡೆಗೆ ಮುಖಮಾಡಿ ಅದರ ಮೂಲಕ ಹಾಯಿಸಿದೆವು. ಪ್ರಯೋಗಶಾಲೆಯ ರೋಡಮೈನಿನ ದ್ರಾವಣದಲ್ಲಿ ಕಿರಣದ ಹಾದಿ ಕಾದ ತಂತಿಯಂತೆ ಕಿತ್ತಳೆಯಾಗಿ ಉರಿಯಿತು. ಸೀಸೆಯ ನೀರಿನಲ್ಲಿ ಉರಿಯಲಿಲ್ಲ. ಕಿರಣ ಒಂದೆರಡು ಅಂಗುಲ ಹೋಗಿ ಮಾಸಿಹೋಯಿತು. ರೋಡಮೈನ್ ಇದ್ದಂತಿಲ್ಲ. ಹಾಗಾದರೆ ಮೆಣಸಿನ ಕೆಂಪೆ? ಮೆಣಸಿನ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಬೀಟ್‌ರೂಟಿನದೆ? ಅದು ನೀರಿಗೆ ಇಳಿಯುತ್ತದೆ, ಆದರೆ ಕುದಿಸಿದರೆ ಕಂದುತ್ತದೆ. ನೀರಿಗೆ ಸ್ವಲ್ಪ ವಿನಿಗರ್ ಸೇರಿಸಿ, ಬಿಳಿಯ ಉಣ್ಣೆಯ ಎಳೆಯೊಂದನ್ನು ಹಾಕಿ ಹತ್ತು ನಿಮಿಷ ಕುದಿಸಿದೆವು. ಆಮ್ಲದಲ್ಲಿ ಉಣ್ಣೆಯ ಪ್ರೋಟೀನು ಈ ಜಾತಿಯ ಕೃತಕ ಬಣ್ಣಗಳನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ. ಎಳೆಯನ್ನು ತೆಗೆದು ನಲ್ಲಿಯ ಕೆಳಗೆ ಹಿಡಿದು, ಸಾಬೂನಿನಿಂದ ಎರಡು ಸಲ ತೊಳೆದೆವು. ಕೆಂಪು ಬಿಡಲಿಲ್ಲ. ಕಾರ್ಮೋಯಿಸಿನ್ನೋ ಅದರ ದಾಯಾದಿಯೋ, ಇಷ್ಟರಿಂದ ಹೇಳಲಾಗದು. ಅದು ಆಹಾರ ಸುರಕ್ಷತಾಧಿಕಾರಿಗಳ ಪ್ರಯೋಗಾಲಯದವರು ಹೇಳಬೇಕಾದ ಮಾತು. ಅಂತೂ ಅದು ಮೆಣಸಲ್ಲ, ಮತ್ತು ಗೋಬಿ ಮಂಚೂರಿಯಲ್ಲಿ ಇರತಕ್ಕದ್ದಲ್ಲ. ಆ ಉಣ್ಣೆಯ ಎಳೆಯನ್ನು ಹುಡುಗಿ ಮನೆಯಲ್ಲಿ ತೋರಿಸಲೆಂದು ಪೊಟ್ಟಣದೊಡನೆಯೇ ಪುಸ್ತಕದ ನಡುವೆ ಇಟ್ಟುಕೊಂಡು ಹೋದಳು.